ಹಳೆ ಫೈಬರ್ ದೋಣಿ ದುರಸ್ತಿ: ರೆಸಿನ್ ಡಬ್ಬ ತೆರೆಯುವ ಮುನ್ನ ಮತ್ತು ನಂತರ

ಕುಂದಾಪುರದಿಂದ ಕಾರವಾರದವರೆಗೆ ಯಾವ ಕಡಲ ದಂಡೆಗೆ ಹೋದರೂ ತೆಂಗಿನ ಮರಗಳ ನಡುವೆ ಒಂದೆರಡು ಹಳೆ ಫೈಬರ್ ದೋಣಿ ಬಿದ್ದಿರುತ್ತವೆ. ಹದಿನೆಂಟು, ಇಪ್ಪತ್ತು ಅಡಿ ಉದ್ದ, ಹಿಂದೆ ಔಟ್‌ಬೋರ್ಡ್ ಇಂಜಿನ್ ಕೂರಿಸುವ ಹಲಗೆ, ಬಿಸಿಲಿಗೆ ಪುಡಿಯೇಳುವ ಬಣ್ಣ. ಅಡಿಭಾಗ ನೋಡಿದರೆ ಹಿಂದೊಮ್ಮೆ ಹಾಕಿದ ತೇಪೆ ಅಂಚಿನಲ್ಲಿ ಎದ್ದು ನಿಂತಿರುತ್ತದೆ. ಬೆರಳು ತೂರಿಸಿ ಎಳೆದರೆ ಇಡೀ ತೇಪೆ ಕೈಗೆ ಬರುತ್ತದೆ, ಅದರ ಬೆನ್ನಿಗೆ ಹಳೆ ಬಣ್ಣವೂ ಅಂಟಿಕೊಂಡಿರುತ್ತದೆ. ಗಾಜಿನ ಎಳೆಗಳನ್ನು ಬೆಸೆದು ಗಟ್ಟಿಯಾಗುವ ಅಂಟುದ್ರವ, ಅಂದರೆ ರೆಸಿನ್, ಹಿಡಿದದ್ದು ಬಣ್ಣವನ್ನು, ದೋಣಿಯನ್ನಲ್ಲ.

ಮನೆಯಂಗಳದಲ್ಲಿ ಮಾಡುವ ಫೈಬರ್ ಕೆಲಸ ಕೆಡುವುದು ಹೆಚ್ಚಾಗಿ ಹೀಗೆಯೇ. ಗಾಜಿನ ಎಳೆಗಳ ಹಾಳೆಯಾದ ಮ್ಯಾಟ್ ಹಾಸಿ ರೆಸಿನ್ ಬಳಿಯಲು ಒಂದು ಮಧ್ಯಾಹ್ನ ಸಾಕು, ಆ ಮಧ್ಯಾಹ್ನಕ್ಕೆ ದೋಣಿಯನ್ನು ಅಣಿಗೊಳಿಸಲು ವಾರಗಟ್ಟಲೆ ಬೇಕು. ಕೆಲಸ ಉಳಿಯುವುದೋ ಹೋಗುವುದೋ ಆ ವಾರಗಳಲ್ಲೇ ತೀರ್ಮಾನವಾಗುತ್ತದೆ.

ಮೊದಲು ಕಾಲದ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದ್ದರೂ 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ಅದೇ ದುಡಿಮೆಯ ಸಮಯ. ಹಾಗಾಗಿ ಮೇ ಕೊನೆಯ ವಾರದ ಸುಮಾರಿಗೆ ಬರುವ ಪತ್ತನಾಜೆಯೊಳಗೆ ಎಲ್ಲ ಮುಗಿದಿರಬೇಕು. ಡಿಸೆಂಬರಿನಲ್ಲಿ ಹಳೆ ಪದರ ಬಿಚ್ಚಿ ಒಣಗಲು ಬಿಟ್ಟು, ಫೆಬ್ರವರಿ ಮಾರ್ಚಿನಲ್ಲಿ ಪದರ ಹಾಕುವುದು ಒಳ್ಳೆಯದು. ಏಪ್ರಿಲ್ ಕೊನೆಯ ಸೆಕೆಯಲ್ಲಿ ರೆಸಿನ್ ಕೈಯಲ್ಲೇ ಗಟ್ಟಿಯಾಗತೊಡಗುತ್ತದೆ, ಗಾಳಿಯ ತೇವವೂ ಏರಿರುತ್ತದೆ.

ದೋಣಿಯನ್ನು ಇಡುವ ರೀತಿಗೂ ಗಮನ ಕೊಡಬೇಕು. ನಡು ಒಂದೇ ಕಡೆ ಆಧಾರ ಕೊಟ್ಟು ತಿಂಗಳುಗಟ್ಟಲೆ ಬಿಟ್ಟರೆ ಹಳೆ ದೋಣಿ ಜೋಲುತ್ತದೆ. ಒಳಗಿನ ಪಟ್ಟಿ ಅಥವಾ ಹಿಂಬದಿಯ ಹಲಗೆ ಬಿಚ್ಚಿದ ಮೇಲಂತೂ ಅದಕ್ಕೆ ಬಿಗಿಯೇ ಇರುವುದಿಲ್ಲ. ಆ ಜೋಲಿದ ಸ್ಥಿತಿಯಲ್ಲೇ ಹೊಸ ಹಲಗೆ ಕೂರಿಸಿದರೆ ಸೊಟ್ಟ ಶಾಶ್ವತವಾಗುತ್ತದೆ. ಹಿಂಬದಿಯ ತಳ ಒಳಕ್ಕೆ ಬಾಗಿದ ದೋಣಿ ವೇಗ ಹೆಚ್ಚಿದೊಡನೆ ಮೂತಿಯನ್ನು ನೀರಿಗೆ ಒತ್ತುತ್ತದೆ, ಅದನ್ನು ಆಮೇಲೆ ಯಾವ ಇಂಜಿನ್ನಿನಿಂದಲೂ ಸರಿಮಾಡಲಾಗದು. ತಳದ ನಡುಗೆರೆಯ ಕೆಳಗೆ ಸುಮಾರು ಒಂದೂವರೆ ಮೀಟರಿಗೊಂದರಂತೆ ಮರದ ದಿಮ್ಮಿ, ಬದಿಗಳಿಗೆ ಮರಳು ಚೀಲ ಅಥವಾ ಹಳೆ ಟಯರ್ ಕೊಡಿ. ಮೂತಿಯಿಂದ ಹಿಂಬದಿಗೆ ದಾರ ಎಳೆದು ತಳದ ಗೆರೆ ನೇರವಿದೆಯೇ ನೋಡಿ.

ಬಡಿದು ನೋಡುವುದು

ಸಿಹಿನೀರಿನಿಂದ ಎರಡು ಮೂರು ಸಲ ತೊಳೆದು, ಒಣಗಿದ ಮೇಲೆ ಸಣ್ಣ ಸುತ್ತಿಗೆಯ ಹಿಡಿಯಿಂದ ಇಡೀ ದೋಣಿಯನ್ನು ಗೇಣಿಗೊಂದು ಕಡೆ ಬಡಿಯುತ್ತಾ ಹೋಗಿ. ಹಲಸಿನ ಹಣ್ಣು ಬಡಿದು ನೋಡುವವರಿಗೆ ಈ ಕಿವಿ ತಾನಾಗಿ ಬರುತ್ತದೆ. ಗಟ್ಟಿ ಪದರ ಟಣ್ ಎನ್ನುತ್ತದೆ, ಪದರ ಬಿಟ್ಟ ಕಡೆ ಡಬ್ ಎಂದು ಸತ್ತ ಸದ್ದು. ಅಂಥ ಜಾಗವನ್ನೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿ ಫೋಟೊ ತೆಗೆದಿಡಿ. ಬದಿಯಲ್ಲಿ ಬರೆದ ನೋಂದಣಿ ಸಂಖ್ಯೆಯ ಫೋಟೊವೂ ಇರಲಿ. ಉಜ್ಜಿದ ಮೇಲೆ ಅದನ್ನು ಅದೇ ಜಾಗಕ್ಕೆ ಮತ್ತೆ ಬರೆಯಬೇಕಾಗುತ್ತದೆ. ಬಣ್ಣವನ್ನೇ ಬದಲಿಸುವುದಾದರೆ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಬಿರುಕುಗಳ ಆಕಾರವನ್ನೂ ಓದಬೇಕು. ನಕ್ಷತ್ರದ ಹಾಗೆ ಒಂದು ಬಿಂದುವಿನಿಂದ ಹರಡಿದ್ದರೆ ಅಲ್ಲಿ ಏಟು ಬಿದ್ದಿದೆ. ಒಳಗಿನ ಅಡ್ಡಗೋಡೆ ಅಥವಾ ಕುಳಿತುಕೊಳ್ಳುವ ಹಲಗೆಯ ಗುಂಟ ಸಾಲಾಗಿದ್ದರೆ ಅಲ್ಲಿ ಮರದ ಅಂಚು ಫೈಬರಿಗೆ ನೇರವಾಗಿ ಒತ್ತಿ ನಿಂತಿದೆ. ಎರಡನೆಯದನ್ನು ಹೊರಗಿನಿಂದ ಎಷ್ಟು ಸಲ ತುಂಬಿದರೂ ಬಿರುಕು ಮರಳುತ್ತದೆ. ಒಳಗಿನ ಅಂಚನ್ನು ಬಿಡಿಸಿ, ನಡುವೆ ಗಟ್ಟಿ ಫೋಮಿನ ಪಟ್ಟಿ ಇಟ್ಟು, ದುಂಡಗಿನ ಮೂಲೆ ಕಟ್ಟಿ ಮೇಲೆ ಮ್ಯಾಟ್ ಹಾಕಬೇಕು.

ನೀರಿನಲ್ಲೇ ನಿಲ್ಲುತ್ತಿದ್ದ ದೋಣಿಯಾದರೆ ತಳದಲ್ಲಿ ಬೊಬ್ಬೆಗಳಿರಬಹುದು. ಚುಚ್ಚಿದಾಗ ಹುಳಿ ವಾಸನೆಯ, ಅಂಟಂಟಾದ ನೀರು ಬರುತ್ತದೆ. ನೀರು ಹೊರಮೈಯ ನಯವಾದ ಲೇಪವಾದ ಜೆಲ್‌ಕೋಟಿನ ಮೂಲಕ ಒಳಗಿಳಿದು, ರೆಸಿನ್ನಿನಲ್ಲಿ ಉಳಿದ ಕರಗುವ ಅಂಶಗಳೊಂದಿಗೆ ಸೇರಿ, ಇನ್ನಷ್ಟು ನೀರನ್ನು ಎಳೆದುಕೊಂಡು ಮೇಲಿನ ಪದರವನ್ನು ಎತ್ತುತ್ತದೆ. ಪ್ರತಿ ಬೊಬ್ಬೆಯನ್ನೂ ಗಟ್ಟಿ ಫೈಬರ್ ಸಿಗುವವರೆಗೆ ಕೆರೆದು ತೆಗೆದು, ದಿನಾ ಸಿಹಿನೀರಿನಲ್ಲಿ ತೊಳೆದು, ವಾರಗಟ್ಟಲೆ ಒಣಗಲು ಬಿಡಿ. ಆ ಕರಗುವ ಅಂಶ ಆವಿಯಾಗಿ ಹೋಗುವುದಿಲ್ಲ, ತೊಳೆದೇ ತೆಗೆಯಬೇಕು. ತೊಳೆಯದೆ ಬರೀ ಒಣಗಿಸಿ ತುಂಬಿದರೆ ಬೊಬ್ಬೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ.

ಒಣಗಿದೆಯೇ ತಿಳಿಯಲು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಒಂದು ಹಗಲು ರಾತ್ರಿ ಬಿಡಿ. ಒಳಮೈಯಲ್ಲಿ ಬೆವರು ಕಂಡರೆ ಇನ್ನೂ ಕಾಯಬೇಕು.

ಉಜ್ಜುವುದು

ಹಳೆ ಪಾಲಿಯೆಸ್ಟರ್ ರೆಸಿನ್ನಿನ ಪದರದ ಜೊತೆ ಹೊಸ ರೆಸಿನ್ ರಾಸಾಯನಿಕವಾಗಿ ಬೆಸೆಯುವುದಿಲ್ಲ. ಅದು ಹಿಡಿಯುವುದು ಒರಟು ಮೈಯ ಕಚ್ಚುಗಳಿಗೆ. ಆದ್ದರಿಂದ ಜೆಲ್‌ಕೋಟ್, ಬಣ್ಣ, ಹಳೆ ಪುಟ್ಟಿ ಎಲ್ಲ ಹೋಗಿ ಗಾಜಿನ ಎಳೆ ಕಾಣುವವರೆಗೆ 36 ಅಥವಾ 40 ನಂಬರಿನ ಡಿಸ್ಕಿನಲ್ಲಿ ಗ್ರೈಂಡ್ ಮಾಡಬೇಕು. 120ರ ನಯ ಬಣ್ಣಕ್ಕೆ ಸಾಕಾಗಬಹುದು, ಪದರ ಹಿಡಿಯಲು ಸಾಲದು. ಗ್ರೈಂಡ್ ಮಾಡುವ ಮೊದಲೇ ಅಸಿಟೋನಿನಲ್ಲಿ ಒರೆಸಿ ಎಣ್ಣೆ, ಡೀಸೆಲ್ ತೆಗೆಯಿರಿ. ಇಲ್ಲದಿದ್ದರೆ ಡಿಸ್ಕ್ ಅದನ್ನು ಎಳೆಗಳೊಳಕ್ಕೆ ಉಜ್ಜಿ ಸೇರಿಸುತ್ತದೆ. ಕೊನೆಗೆ ಮತ್ತೊಮ್ಮೆ ಹೊಸ ಬಟ್ಟೆಯಿಂದ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಗಾಜಿನ ಧೂಳಿಗೆ ಮುಖಕ್ಕೆ ಸುತ್ತಿದ ಬೈರಾಸು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಗ್ರೈಂಡಿಂಗಿಗೆ ಕನಿಷ್ಠ ಎನ್95 ಮಾಸ್ಕ್, ರೆಸಿನ್ ಕೆಲಸಕ್ಕೆ ಸಾವಯವ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್, ಎರಡಕ್ಕೂ ಕನ್ನಡಕ. ಬಾವಿಕಟ್ಟೆ, ಒಣಗಲು ಹಾಕಿದ ಬಟ್ಟೆ, ಮಕ್ಕಳು ಆಡುವ ಜಾಗದಿಂದ ದೂರ ಇರಲಿ, ಗಾಳಿಯ ದಿಕ್ಕು ನೋಡಿ ಟಾರ್ಪಾಲು ಕಟ್ಟಿ. ಧೂಳನ್ನು ಗುಡಿಸಿ ಚೀಲ ಕಟ್ಟಬೇಕು, ಹೊಳೆಗೆ ತಳ್ಳಬಾರದು.

ಒಂದು ತೂತಿನ ಲೆಕ್ಕ

20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ತೂತು, ದೋಣಿಯ ಗೋಡೆ 6 ಮಿ.ಮೀ. ದಪ್ಪ ಎಂದುಕೊಳ್ಳೋಣ. ಮುರಿದ ಭಾಗವನ್ನು ಕತ್ತರಿಸಿ ಮೂಲೆಗಳಿಲ್ಲದಂತೆ ದುಂಡಗೆ ಮಾಡಿ. ಆಮೇಲೆ ದಪ್ಪದ 12 ಪಟ್ಟು ಇಳಿಜಾರು ಉಜ್ಜಬೇಕು, ಅಂದರೆ ತೂತಿನ ಅಂಚಿನಿಂದ ಸುತ್ತಲೂ ಏಳು ಸೆಂಟಿಮೀಟರಿಗಿಂತ ತುಸು ಹೆಚ್ಚು. ಕಣ್ಣಿಗೆ ಇದು ಅತಿ ಎನಿಸಿ ಎರಡು ಮೂರು ಸೆಂಟಿಮೀಟರಿಗೆ ನಿಲ್ಲಿಸುವವರು ಬಹಳ. ಅಲೆಯ ಹೊಡೆತವೆಲ್ಲ ಆ ಇಕ್ಕಟ್ಟಾದ ಅಂಟಿನ ಮೇಲೆ ಬಿದ್ದು ಅಂಚು ಬಿಡಲು ಶುರುವಾಗುವುದು ಅಲ್ಲಿಯೇ.

ಒಳಗಿನಿಂದ ಕೈ ಹೋಗುವ ಜಾಗವಾದರೆ ಇಳಿಜಾರನ್ನು ಒಳಮೈಯಲ್ಲೇ ಮಾಡಿ. ಹೊರಗಡೆಯಿಂದ 1 ಮಿ.ಮೀ. ಸನ್‌ಮೈಕಾ ಹಾಳೆಯ ಹೊಳಪಿನ ಮುಖಕ್ಕೆ ವ್ಯಾಕ್ಸ್ ಪಾಲಿಶ್ ಹಚ್ಚಿ, ತೂತು ಮುಚ್ಚುವಂತೆ ಬಿಗಿದು ಕಟ್ಟಿ. ಸನ್‌ಮೈಕಾ ದೋಣಿಯ ಬಾಗಿಗೆ ತಾನೇ ಹೊಂದಿಕೊಳ್ಳುತ್ತದೆ, ಪ್ಲೈವುಡ್ ತುಂಡು ಹೊಂದುವುದಿಲ್ಲ. ತೂತಿನೊಳಗೆ ಮಾತ್ರ, ಇಳಿಜಾರಿಗೆ ತಾಗದಂತೆ, ಅರ್ಧ ಮಿಲಿಮೀಟರ್ ಜೆಲ್‌ಕೋಟ್ ಬಳಿಯಿರಿ. ಬೆರಳಿಗೆ ಅಂಟಿದರೂ ಬೆರಳಿನೊಂದಿಗೆ ಎದ್ದುಬರದ ಹದಕ್ಕೆ ಬಂದಾಗ ಪದರ ಶುರು. ಜೆಲ್‌ಕೋಟ್ ತೀರಾ ತೆಳುವಾಗಿದ್ದರೆ ಮೇಲಿನ ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಅದನ್ನು ನೆನೆಸಿ ಸುಕ್ಕುಗಟ್ಟಿಸುತ್ತದೆ, ದಪ್ಪವಾದರೆ ಮುಂದೆ ಸೀಳುತ್ತದೆ.

450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ) ಮ್ಯಾಟ್ ಒಂದು ಪದರ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ, ದಪ್ಪ ಗಾಜಿನ ಎಳೆಗಳಿಂದ ನೇಯ್ದ 610 ಜಿಎಸ್‌ಎಂ ರೋವಿಂಗ್ ಬಟ್ಟೆ ಮುಕ್ಕಾಲು ಮಿ.ಮೀ. ಎರಡು ಮ್ಯಾಟ್, ಒಂದು ರೋವಿಂಗ್, ಒಂದು ಮ್ಯಾಟ್, ಒಂದು ರೋವಿಂಗ್, ಮತ್ತೆರಡು ಮ್ಯಾಟ್ ಹಾಕಿದರೆ 6 ಮಿ.ಮೀ. ದಾಟುತ್ತದೆ. ರೋವಿಂಗ್ ಮೇಲೆ ನೇರವಾಗಿ ರೋವಿಂಗ್ ಹಾಕಬಾರದು, ನಡುವೆ ಮ್ಯಾಟ್ ಇರಲೇಬೇಕು; ಎರಡು ನೇಯ್ಗೆಗಳ ನಡುವಿನ ಗುಳಿಯಲ್ಲಿ ಬರೀ ರೆಸಿನ್ ನಿಂತು ಪದರ ಸುಲಭವಾಗಿ ಬೇರ್ಪಡುತ್ತದೆ.

ಮೊದಲು ಯಾವುದು, ದೊಡ್ಡ ತುಂಡೋ ಸಣ್ಣದೋ ಎಂಬ ಚರ್ಚೆ ಕೆಲಸಗಾರರಲ್ಲಿ ಹಳೆಯದು. ದೊಡ್ಡದನ್ನೇ ಮೊದಲು ಹಾಕಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಇಡೀ ಇಳಿಜಾರಿಗೆ ಒಂದೇ ಅಖಂಡ ಪದರ ತಾಗುತ್ತದೆ, ಮೇಲಿನ ಸಣ್ಣ ತುಂಡುಗಳು ಗುಳಿಯನ್ನು ತುಂಬುತ್ತವೆ. ಸಣ್ಣದು ಮೊದಲು ಹಾಕಿದರೆ ಎಲ್ಲವನ್ನೂ ಕಟ್ಟಿಹಿಡಿಯುವ ದೊಡ್ಡ ತುಂಡು ತೀರಾ ಮೇಲೆ ಬರುತ್ತದೆ, ಮಟ್ಟ ಮಾಡಲು ಉಜ್ಜುವಾಗ ಅದೇ ಕತ್ತರಿಸಿಹೋಗುತ್ತದೆ. ಅತಿ ದೊಡ್ಡ ತುಂಡು 34 × 29 ಸೆಂ.ಮೀ., ಕೊನೆಯದು ತೂತಿನಷ್ಟೇ. ಮ್ಯಾಟಿನ ಅಂಚನ್ನು ಕತ್ತರಿಯಲ್ಲಿ ಕತ್ತರಿಸದೆ ಕೈಯಿಂದ ಹರಿಯಿರಿ, ಎಳೆಗಳು ತೆಳ್ಳಗಾಗಿ ಮೆಟ್ಟಿಲು ಮೂಡುವುದಿಲ್ಲ.

ಮ್ಯಾಟಿಗೆ ಅದರ ತೂಕದ ಎರಡರಿಂದ ಎರಡೂವರೆ ಪಾಲು ರೆಸಿನ್, ರೋವಿಂಗಿಗೆ ಸಮಸಮ. ಈ ತೇಪೆಗೆ ಮ್ಯಾಟ್ ಸುಮಾರು 150 ಗ್ರಾಂ, ರೋವಿಂಗ್ 80 ಗ್ರಾಂ, ಹಾಗಾಗಿ ಬ್ರಷ್ಷಿಗೆ, ಡಬ್ಬಕ್ಕೆ ಹೋಗುವುದೂ ಸೇರಿ ಅರ್ಧ ಕೆಜಿಗೆ ತುಸು ಹೆಚ್ಚು ರೆಸಿನ್ ಸಾಕು. ರೆಸಿನ್ ಹೆಚ್ಚಾದಷ್ಟೂ ಗಟ್ಟಿ ಎಂಬ ನಂಬಿಕೆ ತಪ್ಪು. ಬಲ ಇರುವುದು ಗಾಜಿನ ಎಳೆಯಲ್ಲಿ. ರೆಸಿನ್ ನಿಂತ ಕಡೆ ಬಿರುಕು ಬಿಡುತ್ತದೆ. ಬ್ರಷ್ಷನ್ನು ಎಳೆಯದೆ ಕುಟ್ಟಿ ಕುಟ್ಟಿ ನೆನೆಸಿ, ಆಮೇಲೆ ಹಲ್ಲುಗೆರೆಯ ಅಲ್ಯೂಮಿನಿಯಂ ರೋಲರಿನಿಂದ ಗಾಳಿ ಹೊರಡಿಸಿ. ಬಿಳಿ ಚುಕ್ಕೆ ಉಳಿದ ಕಡೆಯೆಲ್ಲ ಗಾಳಿ ಇದೆ ಎಂದರ್ಥ.

ರೆಸಿನ್ನನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟ್ ವಿಷಯದಲ್ಲಿ ಅಂದಾಜು ಬೇಡ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ನಿಗೆ ಎಂಇಕೆಪಿ ಎಂಬ ಕ್ಯಾಟಲಿಸ್ಟ್ ಶೇ. 1ರಿಂದ 2. ಸಮುದ್ರದ ಕೆಲಸಕ್ಕೆ ಐಸೋಫ್ತಾಲಿಕ್ ರೆಸಿನ್ ಕೇಳಿ ತನ್ನಿ, ಅದು ನೀರನ್ನು ಹೆಚ್ಚು ತಡೆಯುತ್ತದೆ. 200 ಗ್ರಾಂ ರೆಸಿನ್ನಿಗೆ ಶೇ. 1 ಎಂದರೆ 2 ಗ್ರಾಂ, ಸೂಜಿ ಇಲ್ಲದ ಸಿರಿಂಜಿನಲ್ಲಿ 2 ಎಂಎಲ್‌ಗೆ ಹತ್ತಿರ. ಸೆಕೆಗೆ ಬೇಗ ಗಟ್ಟಿಯಾಗುತ್ತದೆಂದು ಅರ್ಧಕ್ಕಿಳಿಸಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಅದರ ಬದಲು ಒಂದು ಸಲಕ್ಕೆ 200 ಗ್ರಾಂ ಮಾತ್ರ ಕಲಸಿ, ರೆಸಿನ್ ಡಬ್ಬವನ್ನೂ ದೋಣಿಯನ್ನೂ ನೆರಳಿನಲ್ಲಿಡಿ. ಬೆಳಗ್ಗೆ ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ, ಸಂಜೆಯ ತೇವ ಇಳಿಯುವ ಮೊದಲು ಗಟ್ಟಿಯಾಗುವಂತೆ ನಿಲ್ಲಿಸಿ. ಒಂದರ ಮೇಲೊಂದು ಮೂರು ಪದರ ಹಾಕಿ ಬಿಸಿ ಆರಲು ಬಿಡಿ. ಒಟ್ಟಿಗೆ ಏಳೂ ಹಾಕಿದರೆ ಒಳಗೆ ಶಾಖ ಏರಿ ತೇಪೆ ಸೊಟ್ಟಗಾಗಿ ಅಂಚು ಬಿಡುತ್ತದೆ. ಒಂದು ದಿನ ದಾಟಿದರೆ ಮುಂದಿನ ಪದರಕ್ಕೆ ಮೊದಲು ಮತ್ತೆ ಉಜ್ಜಿಕೊಳ್ಳಿ.

ಇಲ್ಲಿ ಜೀವಕ್ಕೆ ಸಂಬಂಧಿಸಿದ ಮಾತು. ರೆಸಿನ್ ಬೇಗ ಗಟ್ಟಿಯಾಗಲೆಂದು ಅಂಗಡಿಯಲ್ಲಿ ಕೊಡುವ ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ಎಂದೂ ನೇರವಾಗಿ ಬೆರೆಸಬಾರದು, ಸ್ಫೋಟವಾಗುತ್ತದೆ. ಒಂದೇ ಸಿರಿಂಜು, ಒಂದೇ ಲೋಟ ಎರಡಕ್ಕೂ ಬಳಸುವುದೂ ಬೇಡ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಮೊದಲೇ ಆಕ್ಸಿಲರೇಟರ್ ಸೇರಿಸಿದ ರೆಸಿನ್ನಾದರೆ ಮತ್ತೆ ಹಾಕುವುದೇ ಬೇಡ, ಲೇಬಲ್ ಓದಿ. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ತಕ್ಷಣ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಬೇಕು, ಆ ನೀರಿನ ಬಾಲ್ದಿ ಕೆಲಸ ಶುರುವಾಗುವ ಮೊದಲೇ ಪಕ್ಕದಲ್ಲಿರಬೇಕು. ಕಲಸಿ ಉಳಿದ ರೆಸಿನ್ ಡಬ್ಬದಲ್ಲೇ ಬಿಟ್ಟರೆ ಕಾದು ಹೊಗೆಯೇಳುತ್ತದೆ, ಮರಳಿನ ಮೇಲೆ ತೆಳುವಾಗಿ ಸುರಿದುಬಿಡಿ.

ಮರುದಿನವೂ ಮೈ ಅಂಟುತ್ತಿದ್ದರೆ ಗಾಬರಿ ಬೇಡ. ಗಾಳಿ ತಾಗುವ ಪದರ ಅಂಟಾಗಿ ಉಳಿಯುವುದು ಈ ರೆಸಿನ್ನಿನ ಸ್ವಭಾವ. ಅಸಿಟೋನಿನಲ್ಲಿ ಒರೆಸಿ ಉಗುರಿನಿಂದ ಒತ್ತಿ ನೋಡಿ. ಕೆಳಗೆ ಗಟ್ಟಿಯಿದ್ದರೆ ಸರಿ. ಉಗುರು ಇಳಿದರೆ ಕ್ಯಾಟಲಿಸ್ಟ್ ಸಾಲದೇ ಹೋಗಿದೆ ಅಥವಾ ಹಳೆಯದಾಗಿದೆ, ಅದನ್ನು ಕೆರೆದು ತೆಗೆಯದೆ ಬೇರೆ ದಾರಿಯಿಲ್ಲ.

ಇಂಜಿನ್ ಕೂರುವ ಹಲಗೆ

ಫೈಬರ್ ಕೊಳೆಯುವುದಿಲ್ಲ, ಅದರೊಳಗೆ ಮುಚ್ಚಿಟ್ಟ ಪ್ಲೈವುಡ್ ಕೊಳೆಯುತ್ತದೆ. ಹಿಂಬದಿಯ ಹಲಗೆಗೆ ಇಂಜಿನ್ ಬೋಲ್ಟಿನ ತೂತುಗಳಿಂದಲೇ ನೀರು ಇಳಿಯುತ್ತದೆ. ಒಳಮೈಯಲ್ಲಿ ಕೆಳಗಡೆ ಒಂದು 6 ಮಿ.ಮೀ. ತೂತು ಕೊರೆದು ನೋಡಿ: ಒಣ, ತಿಳಿ ಬಣ್ಣದ ಪುಡಿ ಬಂದರೆ ಮರ ಚೆನ್ನಾಗಿದೆ, ಕಪ್ಪಾದ ಒದ್ದೆ ಪುಡಿ ಬಂದರೆ ಹಲಗೆ ಬದಲಿಸಲೇಬೇಕು. ಬಿಚ್ಚುವ ಮೊದಲು ಹಲಗೆಯ ಓರೆ, ತಳದಿಂದ ಮೇಲಂಚಿನ ಎತ್ತರ ಅಳೆದು ಕಾರ್ಡ್‌ಬೋರ್ಡ್ ಅಚ್ಚು ತೆಗೆದಿಟ್ಟುಕೊಳ್ಳಿ. ಇಂಜಿನ್ ಶಾಫ್ಟಿನ ಉದ್ದ 15 ಇಂಚೋ 20 ಇಂಚೋ ಎಂಬುದಕ್ಕೆ ತಕ್ಕಂತೆ ಈ ಎತ್ತರ ಇರಬೇಕು.

ಹೊರಪದರವನ್ನು ಮುಟ್ಟದೆ ಒಳಪದರ ಕತ್ತರಿಸಿ, ಕೊಳೆತ ಮರವನ್ನೆಲ್ಲ ಉಳಿಯಿಂದ ತೆಗೆದು, ಫೈಬರ್ ಕಾಣುವವರೆಗೆ ಉಜ್ಜಿ ಒಣಗಿಸಿ. ಹೊಸ ಹಲಗೆಗೆ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ಡೇ ಬೇಕು. ಪೀಠೋಪಕರಣಕ್ಕೆ ಬಳಸುವ ಎಂಆರ್ ದರ್ಜೆಯದು ಐಎಸ್ 303ರ ಅಡಿ ಬರುತ್ತದೆ, ದೋಣಿಗೆ ಸಲ್ಲದು. 8 × 4 ಅಡಿಯ 12 ಮಿ.ಮೀ. ಹಾಳೆ ಒಂದರಲ್ಲಿ ನಾಲ್ಕು ಅಡಿ ಅಗಲ, ಎರಡಡಿ ಎತ್ತರದ ನಾಲ್ಕು ತುಂಡು ಸಿಗುತ್ತವೆ. ಮೂರನ್ನು ಒಂದಕ್ಕೊಂದು ಅಂಟಿಸಿದರೆ 36 ಮಿ.ಮೀ., ಎರಡೂ ಕಡೆಯ ಫೈಬರ್ ಸೇರಿ 10 ಎಚ್‌ಪಿ ಇಂಜಿನ್ನಿಗೆ ಧಾರಾಳ.

ಮರಕ್ಕೆ ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್ ಪಾಲಿಯೆಸ್ಟರಿಗಿಂತ ಬಹಳ ಚೆನ್ನಾಗಿ ಹಿಡಿಯುತ್ತದೆ. ಇಡೀ ದೋಣಿಗೆ ಎಪಾಕ್ಸಿ ಬಳಸುವುದು ದುಬಾರಿ, ಆದರೆ ಈ ಒಂದು ಭಾಗಕ್ಕೆ ಖರ್ಚು ಮಾಡುವುದು ಸಾರ್ಥಕ. ಒಂದು ಎಚ್ಚರ: ಎಪಾಕ್ಸಿ ಹಳೆ ಪಾಲಿಯೆಸ್ಟರ್ ಮೇಲೆ ಹಿಡಿಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಹಲಗೆಯ ಕೆಲಸ ಶುರುವಿನಿಂದ ಕೊನೆವರೆಗೆ ಎಪಾಕ್ಸಿಯಲ್ಲೇ ಆಗಬೇಕು, ಮೇಲೆ ಜೆಲ್‌ಕೋಟಿನ ಬದಲು ಬಣ್ಣ ಹೊಡೆಯಬೇಕು. ಸಾಮಾನ್ಯ ಮ್ಯಾಟನ್ನೂ ಅದರೊಂದಿಗೆ ಬಳಸಬೇಡಿ. ಎಳೆಗಳನ್ನು ಹಿಡಿದಿಟ್ಟ ಅಂಟು ಸ್ಟೈರೀನಿನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ನೇಯ್ದ ಅಥವಾ ಹೊಲಿದ ಗಾಜಿನ ಬಟ್ಟೆ ತನ್ನಿ.

ಹಲಗೆಯ ಅಂಚುಗಳಿಗೆ ಎರಡು ಮೂರು ಸಲ ರೆಸಿನ್ ಕುಡಿಸಿ. ನೀರು ಒಳಗಿಳಿಯುವುದು ಪ್ಲೈವುಡ್ಡಿನ ಅಂಚಿನಿಂದಲೇ. ಮಂದ ಮಾಡಿದ ಎಪಾಕ್ಸಿ ಪೇಸ್ಟನ್ನು ಧಾರಾಳವಾಗಿ ಹಚ್ಚಿ ಕೂರಿಸಿ, ಅಂಚಿನಲ್ಲೆಲ್ಲ ಪೇಸ್ಟ್ ಹೊರಬರುವಷ್ಟು ಮಾತ್ರ ಬಿಗಿಮಾಡಿ. ಜೋರಾಗಿ ಬಿಗಿದರೆ ಪೇಸ್ಟೆಲ್ಲ ಹೊರಬಂದು ನಡುವೆ ಅಂಟೇ ಉಳಿಯುವುದಿಲ್ಲ. ಒಳಮೂಲೆಗಳನ್ನು ಸುಮಾರು 25 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಮಾಡಿ, ಬದಿಗೂ ತಳಕ್ಕೂ 75, 100, 150 ಮಿ.ಮೀ. ಹೀಗೆ ಒಂದಕ್ಕಿಂತ ಒಂದು ಮುಂದೆ ಚಾಚುವಂತೆ ಪಟ್ಟಿ ಹಾಕಿ.

ಬೋಲ್ಟ್ ತೂತನ್ನು ನೇರವಾಗಿ ಕೊರೆದು ಬೋಲ್ಟ್ ಹಾಕಿದರೆ ಹೊಸ ಹಲಗೆಯೂ ಹಳೆಯದರ ದಾರಿ ಹಿಡಿಯುತ್ತದೆ. 10 ಮಿ.ಮೀ. ಬೋಲ್ಟಿಗೆ 16 ಮಿ.ಮೀ. ತೂತು ಕೊರೆದು, ಎಪಾಕ್ಸಿ ಪೇಸ್ಟ್ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನಷ್ಟೇ ಮರುತೂತು ಕೊರೆಯಿರಿ. ಆಗ ಬೋಲ್ಟಿನ ಸುತ್ತ ಸೋರಿದರೂ ನೀರಿಗೆ ಮರ ಸಿಗುವುದಿಲ್ಲ. ಬೋಲ್ಟ್ 316 ಸ್ಟೇನ್‌ಲೆಸ್, ಅಗಲ ವಾಷರ್, ಪಾಲಿಯುರೆಥೇನ್ ಸೀಲಂಟ್.

ಕುಳಿತುಕೊಳ್ಳುವ ಪೆಟ್ಟಿಗೆಗಳೊಳಗೆ ತೇಲಲೆಂದು ಇಟ್ಟ ಫೋಮನ್ನೂ ತೆಗೆದು ನೋಡಿ. ನೀರು ಕುಡಿದ ಫೋಮ್ ಭಾರವನ್ನಷ್ಟೇ ಕೊಡುತ್ತದೆ. ಹೊಸದಾಗಿ ಥರ್ಮಾಕೋಲ್ ತುಂಬುವವರು ತಿಳಿದಿರಬೇಕು: ಪಾಲಿಯೆಸ್ಟರ್ ರೆಸಿನ್ ತಾಗಿದರೆ ಥರ್ಮಾಕೋಲ್ ಕರಗಿ ಗುಳಿಬೀಳುತ್ತದೆ, ಪೆಟ್ರೋಲಿಗೂ ಹಾಗೆಯೇ. ಪಾಲಿಯುರೆಥೇನ್ ಫೋಮ್ ಕರಗುವುದಿಲ್ಲ. 100 ಲೀಟರ್ ಗಾತ್ರದ್ದು ಸುಮಾರು 95 ಕೆಜಿ ಎತ್ತಿಹಿಡಿಯುತ್ತದೆ.

ಮರಳಿನ ಮೇಲೆ ಎಳೆಯುವ ದೋಣಿಯ ತಳದ ನಡುಗೆರೆ ಸವೆದು ಎಳೆ ಬಿಟ್ಟಿರುವುದು ಸಾಮಾನ್ಯ. ಉಜ್ಜಿದ ಮೇಲೆ ಸವೆದ ಗುಳಿಯಲ್ಲಿ ರೆಸಿನ್ನಿನಲ್ಲಿ ಅದ್ದಿದ ರೋವಿಂಗ್ ದಾರದ ಕಟ್ಟುಗಳನ್ನು ಉದ್ದಕ್ಕೆ ಮಲಗಿಸಿ, ಮೇಲೆ 10, 15, 20 ಸೆಂ.ಮೀ. ಅಗಲದ ಮ್ಯಾಟ್ ಪಟ್ಟಿ ಹಾಕಿ. ಬರೀ ಪುಟ್ಟಿ ತುಂಬಿದರೆ ಅದು ಮರಳಿಗೆ ಬೇಗ ಸವೆಯುತ್ತದೆ.

ಹೊರಮೈಗೆ ಕೊನೆಯ ಲೇಪ ಜೆಲ್‌ಕೋಟಾದರೆ ಅದಕ್ಕೆ ವ್ಯಾಕ್ಸ್ ಸೊಲ್ಯೂಷನ್ ಸೇರಿಸಬೇಕು, ಇಲ್ಲವಾದರೆ ಮೈ ಅಂಟಾಗಿಯೇ ಉಳಿಯುತ್ತದೆ. ಒಂದು ಚದರ ಮೀಟರಿಗೆ ಅರ್ಧ ಕೆಜಿಗೆ ತುಸು ಹೆಚ್ಚು ಬೇಕು. ಇಡೀ ದೋಣಿಗಾದರೆ ಎಪಾಕ್ಸಿ ಪ್ರೈಮರ್ ಮೇಲೆ ಎರಡು ಡಬ್ಬದ ಪಾಲಿಯುರೆಥೇನ್ ಬಣ್ಣ ಹೆಚ್ಚು ಸುಲಭ, ಉಜ್ಜುವ ಶ್ರಮವೂ ಕಡಿಮೆ. ದಿನಾ ದಡಕ್ಕೆಳೆಯುವ ದೋಣಿಗೆ ಪಾಚಿ, ಚಿಪ್ಪು ತಡೆಯುವ ಬಣ್ಣ ಬೇಕಿಲ್ಲ. ಅಳಿವೆಯಲ್ಲಿ ಕಟ್ಟಿ ನಿಲ್ಲಿಸುವುದಕ್ಕೆ ಬೇಕು.

ಕೊನೆಯ ಪದರ ಬಿದ್ದು ಒಂದು ವಾರವಾದರೂ ಕಳೆದ ಮೇಲೆ ನೀರಿಗಿಳಿಸಿ. ಮೊದಲ ಸಲ ಇಂಜಿನ್ ಇಲ್ಲದೆ ದಡದ ಬಳಿ ಅರ್ಧ ದಿನ ಕಟ್ಟಿಬಿಟ್ಟು, ತೇಪೆಗಳ ಒಳಮೈಯನ್ನು ಒಣ ಬಟ್ಟೆಯಿಂದ ಒರೆಸಿ ತೇವ ಬರುತ್ತದೆಯೇ ನೋಡಿ. ಆಮೇಲೆ ಇಂಜಿನ್ ಕೂರಿಸಿ, ಪ್ರೊಪೆಲ್ಲರಿನ ಮೇಲಿನ ಅಡ್ಡ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರುವಂತೆ ಹೊಂದಿಸಿ. ಒಂದೆರಡು ಗಂಟೆ ಓಡಿಸಿ ಬಂದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ವಾಷರಿನ ಸುತ್ತ ಹೊಸ ಬಣ್ಣದಲ್ಲಿ ಕೂದಲೆಳೆಯ ಬಿರುಕು ಬಂದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಬಂದಿದ್ದರೆ ವಾಷರ್ ಚಿಕ್ಕದಾಗಿದೆ, ಅದರ ಜಾಗಕ್ಕೆ 6 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ ಹಾಕಿ.